ಒಂದೇ ಶಹಾಬಾದ್ ಕಲ್ಲು, ನಾಲ್ಕು ಎಚ್‌ಎಸ್ ಕೋಡ್: ಎಐ ಜೊತೆ ಮುಂದೆ ಬರುವ ಸೂತ್ರಗಳು

ಶಹಾಬಾದಿನ ಫರಸಿ ಕಲ್ಲು, ಚಿಂಚೋಳಿಯ ತೊಗರಿ, ಸೇಡಂ, ವಾಡಿ, ಚಿತ್ತಾಪುರದ ಸಿಮೆಂಟ್. ಇವು ದಿನವೂ ನಿಮ್ಮ ಕಣ್ಣೆದುರೇ ಲಾರಿ, ವ್ಯಾಗನ್ ಏರುತ್ತವೆ. ದೇಶದ ಗಡಿ ದಾಟಬೇಕಾದರೆ ಮಾತ್ರ ಈ ಹೆಸರುಗಳು ಸಾಲುವುದಿಲ್ಲ. ಎಂಟು ಅಂಕಿಯ ಕೋಡ್ ಬೇಕು. ಸುಂಕ, ರಿಯಾಯಿತಿ, ನಿಷೇಧ, ಲೈಸೆನ್ಸ್ ಎಲ್ಲವೂ ಆ ಕೋಡ್ ಹಿಡಿದೇ ತೀರ್ಮಾನವಾಗುತ್ತವೆ.

ಕೋಡ್ ಹುಡುಕುವ ಕೆಲಸಕ್ಕೆ ಈಗ ಎಐ ಬಂದಿದೆ. ಗಾಬರಿ ಬೇಡ. ಎಐ ಬಳಿ ಇಲ್ಲದ ಒಂದು ಬಂಡವಾಳ ನಿಮ್ಮಲ್ಲಿದೆ: ಮಾಲು ನಿಮ್ಮ ಕೈಗೆ ಸಿಗುತ್ತದೆ. ಅದನ್ನು ಮುಟ್ಟಬಲ್ಲಿರಿ, ತೂಗಬಲ್ಲಿರಿ, ಯಾವ ಯಂತ್ರದಿಂದ ಹೇಗೆ ಹೊರಬಂತು ಎಂದು ಹೇಳಬಲ್ಲಿರಿ. ಡಿಗ್ರಿ ಮುಗಿಸಿ ಕೆಲಸ ಹುಡುಕುತ್ತಿದ್ದರೂ ಸರಿ, ಕಾರ್ಖಾನೆಯ ಸ್ಟೋರ್ಸ್‌ನಲ್ಲಿ ಕೂತಿದ್ದರೂ ಸರಿ, ಆ ಬಂಡವಾಳವನ್ನು ದುಡಿಸಿಕೊಳ್ಳಿ. ಹೇಗೆ?

1. ಮೊದಲು ಕೋಡಿನ ರಚನೆ ತಿಳಿಯಿರಿ

ಮೊದಲ ಎರಡು ಅಂಕಿ ಅಧ್ಯಾಯ. ನಾಲ್ಕು ಅಂಕಿ ಹೆಡಿಂಗ್. ಆರು ಅಂಕಿ ಸಬ್‌ಹೆಡಿಂಗ್. ಈ ಆರು ಅಂಕಿ ಜಗತ್ತಿಗೆಲ್ಲ ಒಂದೇ. ವಿಶ್ವ ಕಸ್ಟಮ್ಸ್ ಸಂಘಟನೆಯ ಹಾರ್ಮೊನೈಸ್ಡ್ ಸಿಸ್ಟಮ್ (ಎಚ್‌ಎಸ್) 1988ರ ಜನವರಿ 1ರಂದು ಜಾರಿಗೆ ಬಂದಿತು. ಭಾರತ ಅದಕ್ಕೆ ಇನ್ನೆರಡು ಅಂಕಿ ಸೇರಿಸಿಕೊಂಡಿದೆ. ಎಐ ನಿಮಗೆ ಹತ್ತು ಅಂಕಿ ಕೊಟ್ಟರೆ ತಕ್ಷಣ ತಡೆಯಿರಿ. ಅದು ಬೇರೆ ದೇಶದ ಪಟ್ಟಿ, ಹೆಚ್ಚಾಗಿ ಅಮೆರಿಕದ್ದು.

ಎಲ್ಲ ಅಧ್ಯಾಯಗಳನ್ನೂ ಓದಲು ಕೂರಬೇಡಿ. 25, 68, 07, 84 ಸಾಕು. ನಮ್ಮ ಕಲಬುರಗಿ ಸೀಮೆಯ ವ್ಯಾಪಾರ ಬಹುಪಾಲು ಇವುಗಳಲ್ಲೇ ಸಿಗುತ್ತದೆ. ಇದೆಲ್ಲ ಹೊಸ ವಿದ್ಯೆ ಎಂದು ಹೆದರುವವರಿಗೆ ಒಂದು ಮಾತು: ಕಲ್ಯಾಣದ ಚಾಲುಕ್ಯರ ಶಾಸನಗಳಲ್ಲೇ ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂದು ಸುಂಕಗಳನ್ನು ಬೇರೆ ಬೇರೆಯಾಗಿ ಹೆಸರಿಸಿದ್ದಾರೆ. ಈ ನೆಲಕ್ಕೆ ಸುಂಕದ ಲೆಕ್ಕ ಹೊಸದೇನೂ ಅಲ್ಲ.

2. ಹೆಸರು ಹೇಳಬೇಡಿ, ಸ್ಥಿತಿ ಹೇಳಿ

‘ಶಹಾಬಾದ್ ಟೈಲ್ಸ್, ಕೋಡ್ ಏನು?’ ಎಂದು ಎಐಗೆ ಕೇಳಿದರೆ ಅದು ‘ಟೈಲ್ಸ್’ ಎಂಬ ಪದ ಹಿಡಿದು ಸೆರಾಮಿಕ್ ಟೈಲ್ಸಿನ 6907ಕ್ಕೆ ಜಾರುವ ಅಪಾಯವಿದೆ. ನಿಮ್ಮ ಮುಂದಿರುವುದು ಭೂಮಿಯಿಂದ ಪದರ ಪದರವಾಗಿ ಎದ್ದ ಸುಣ್ಣದ ಕಲ್ಲು. ಭಟ್ಟಿಯಲ್ಲಿ ಸುಟ್ಟ ಮಣ್ಣಲ್ಲ.

ಈಗ ಅದೇ ಕಲ್ಲು ಹೋಗುವ ದಾರಿಗಳನ್ನು ನೋಡಿ. ಗಣಿಯಿಂದ ಎದ್ದು ಸಿಮೆಂಟಿಗೋ ಸುಣ್ಣಕ್ಕೋ ಹೋದರೆ 2521. ಗರಗಸದಲ್ಲಿ ಚೌಕಕ್ಕೆ ಕೊಯ್ದ ಬರೀ ಬ್ಲಾಕ್ ಅಥವಾ ಸ್ಲ್ಯಾಬ್ ಆದರೆ 2515. ಕಾಲುದಾರಿಗೆ, ರಸ್ತೆಯ ಅಂಚಿಗೆ ಹಾಸುವ ಫರಸಿಯಾಗಿ ಸಿದ್ಧವಾಗಿದ್ದರೆ 6801. ಪಾಲಿಶ್ ಹೊಡೆದು ಅಂಚು ತಿದ್ದಿದ ನೆಲಗಲ್ಲಾದರೆ 6802. ಕಲ್ಲು ಒಂದೇ, ಗಣಿಯೂ ಒಂದೇ, ಹೆಡಿಂಗ್ ನಾಲ್ಕು. ಕಸ್ಟಮ್ಸ್ ಪಟ್ಟಿ ಕಲ್ಲಿನ ಜಾತಿ ಕೇಳಿ ಸುಮ್ಮನಾಗುವುದಿಲ್ಲ. ಅದರ ಮೇಲೆ ಎಷ್ಟು ಕೆಲಸ ನಡೆದಿದೆ ಎಂದೂ ಕೇಳುತ್ತದೆ.

ಆದ್ದರಿಂದ ಎಐಗೆ ಹೀಗೆ ಬರೆಯಿರಿ: ಯಾವ ಕಲ್ಲು, ಎಷ್ಟು ದಪ್ಪ, ಅಂಚು ಸುತ್ತಿಗೆಯಲ್ಲಿ ಒಡೆದದ್ದೋ ಯಂತ್ರದಲ್ಲಿ ಕೊಯ್ದದ್ದೋ, ಮೇಲ್ಮೈ ಸಹಜವಾಗಿದೆಯೋ ಪಾಲಿಶ್ ಆಗಿದೆಯೋ, ಮನೆಯೊಳಗೆ ಹಾಸಲೋ ಹೊರಗೆ ಹಾಸಲೋ. ಪಾಲಿಶ್ ಯಂತ್ರದ ಮುಂದೆ ನಿಂತ ಕಾರ್ಮಿಕರಿಗೆ ಇದೆಲ್ಲ ಕಣ್ಣಳತೆಯಲ್ಲೇ ಗೊತ್ತು. ದೂರದ ಎಸಿ ಆಫೀಸಿನಲ್ಲಿ ಸಾಫ್ಟ್‌ವೇರ್ ಮುಂದೆ ಕೂತವರಿಗೆ ಗೊತ್ತಿಲ್ಲ. ನೀವು ಮೇಲುಗೈ ಸಾಧಿಸುವುದು ಇಲ್ಲೇ.

ಇನ್ನೊಂದು ಪರೀಕ್ಷೆ ಮಾಡಿ. ವಿವರ ಬದಲಿಸದೆ ಹೆಸರು ಮಾತ್ರ ಬದಲಿಸುತ್ತ ಹೋಗಿ: ಒಮ್ಮೆ ‘ಟೈಲ್ಸ್’, ಒಮ್ಮೆ ‘ಪೇವರ್’, ಒಮ್ಮೆ ‘ಲೈಮ್‌ಸ್ಟೋನ್ ಫ್ಲೋರಿಂಗ್’. ಹೆಸರು ಬದಲಾದಂತೆ ಕೋಡೂ ಬದಲಾದರೆ ಆ ಎಐ ನಿಮ್ಮ ವಿವರವನ್ನು ಓದುತ್ತಿಲ್ಲ, ಹೆಸರನ್ನಷ್ಟೇ ಓದುತ್ತಿದೆ.

3. ತೂಗಿ, ಆಮೇಲೆ ಕೇಳಿ

2515ರ ಪಠ್ಯದಲ್ಲೇ ಒಂದು ಅಂಕಿಯಿದೆ: ಕಟ್ಟಡಕ್ಕೆ ಬಳಸುವ ಸುಣ್ಣಯುಕ್ತ ಕಲ್ಲಿನ ತೋರಿಕೆಯ ಸಾಪೇಕ್ಷ ಸಾಂದ್ರತೆ 2.5 ಅಥವಾ ಹೆಚ್ಚು ಇರಬೇಕು. ಎಂದರೆ 1000 ಘನ ಸೆಂಟಿಮೀಟರ್ ಕಲ್ಲು ಎರಡೂವರೆ ಕಿಲೋಗೆ ಕಡಿಮೆ ತೂಗಬಾರದು. ಅದಕ್ಕಿಂತ ಕಡಿಮೆ ತೂಗಿದರೆ ಮುಂದಿನ ಹೆಡಿಂಗ್ ನೋಡಬೇಕು. ಫೋಟೋ ನೋಡಿ ಇದನ್ನು ಹೇಳಬಲ್ಲ ಎಐ ಇಲ್ಲ. ಸ್ಕೇಲ್ ಹಿಡಿಯಿರಿ, ತಕ್ಕಡಿ ಹಿಡಿಯಿರಿ. ದೊಡ್ಡ ಆರ್ಡರ್ ಆದರೆ ಲ್ಯಾಬ್ ರಿಪೋರ್ಟ್ ತರಿಸಿ ಫೈಲಿಗೆ ಸೇರಿಸಿ.

4. ಅಧ್ಯಾಯದ ಟಿಪ್ಪಣಿ ಓದುವ ಚಟ ಬೆಳೆಸಿಕೊಳ್ಳಿ

ವರ್ಗೀಕರಣದ ಆರು ಸಾಮಾನ್ಯ ನಿಯಮಗಳಲ್ಲಿ ಮೊದಲನೆಯದೇ ಇದು: ಹೆಡಿಂಗಿನ ಪದಗಳು ಮತ್ತು ವಿಭಾಗ, ಅಧ್ಯಾಯಗಳ ಟಿಪ್ಪಣಿಗಳೇ ಅಂತಿಮ. ಅಧ್ಯಾಯದ ಶೀರ್ಷಿಕೆ ಬರೀ ದಾರಿ ತೋರುವ ಬೋರ್ಡ್. ಹೆಚ್ಚಿನವರು ಟಿಪ್ಪಣಿ ಬಿಟ್ಟು ನೇರ ಕೋಡಿಗೆ ಹಾರುತ್ತಾರೆ. ಎಐ ಕೂಡ ಎಷ್ಟೋ ಸಲ ಹಾಗೇ ಹಾರುತ್ತದೆ.

ತೊಗರಿಯನ್ನೇ ತೆಗೆದುಕೊಳ್ಳಿ. ಚಳಿಗಾಲದಲ್ಲಿ ಬರುವ ಹಸಿ ತೊಗರಿ ಕಾಯಿ 0708. ಒಣಗಿದ ಕಾಳು 0713 60 00. ಒಡೆದು ಸಿಪ್ಪೆ ತೆಗೆದ ಬ್ಯಾಳಿಯೂ ಅದೇ 0713, ಏಕೆಂದರೆ ‘ಸಿಪ್ಪೆ ತೆಗೆದರೂ, ಒಡೆದರೂ’ ಎಂದು ಹೆಡಿಂಗೇ ಹೇಳುತ್ತದೆ. ಹಿಟ್ಟು ಮಾಡಿದಿರೋ, 1106. ದಾಲ್ ಮಿಲ್ಲಿನಲ್ಲಿ ಉಳಿದ ಹೊಟ್ಟು, ನುಚ್ಚು ದನದ ಮೇವಿಗೆ ಹೋದರೆ 2302.

ಟಿಎಸ್-3ಆರ್ ಎಂಬ ತೊಗರಿ ತಳಿಯ ಬಿತ್ತನೆ ಬೀಜ ಕಳಿಸುವುದಾದರೆ? ‘ಬಿತ್ತನೆ ಬೀಜ’ ಎಂದ ಕೂಡಲೇ ಕೈ 1209ರ ಕಡೆ ಹೋಗುತ್ತದೆ. ನಿಲ್ಲಿ. 12ನೇ ಅಧ್ಯಾಯದ 3ನೇ ಟಿಪ್ಪಣಿ ದ್ವಿದಳ ಧಾನ್ಯಗಳನ್ನು, ಅವು ಬಿತ್ತಲಿಕ್ಕೇ ಇದ್ದರೂ, 1209ರಿಂದ ಹೊರಗಿಡುತ್ತದೆ. ಬಿತ್ತನೆಯ ತೊಗರಿಯೂ 7ನೇ ಅಧ್ಯಾಯದಲ್ಲೇ ಉಳಿಯುತ್ತದೆ. ಸಂದರ್ಶನದಲ್ಲಿ ಈ ಒಂದು ಉತ್ತರ ಕಾರಣ ಸಮೇತ ಹೇಳಿ ನೋಡಿ, ಎದುರಿನವರು ನಿಮ್ಮ ಬಯೋಡೇಟಾ ಮತ್ತೆ ಕೈಗೆತ್ತಿಕೊಳ್ಳುತ್ತಾರೆ. ಕಲಬುರಗಿ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್ ಸಿಕ್ಕಿದೆ. ಬ್ರ್ಯಾಂಡ್ ಬಂದಾಯಿತು. ಕಾಗದಪತ್ರ ಬಲ್ಲವರು ಬೇಕು.

5. ಸಿಮೆಂಟ್ ಕಾರ್ಖಾನೆಯಲ್ಲಿದ್ದೀರಾ? ಬಿಡಿಭಾಗಗಳಲ್ಲಿ ಪರಿಣತರಾಗಿ

ಸಿಮೆಂಟಿನ ಕೋಡ್ ಕಷ್ಟವಲ್ಲ. 2523ರೊಳಗೆ ಕ್ಲಿಂಕರ್, ಬಿಳಿ ಸಿಮೆಂಟ್, ಓಪಿಸಿ, ಪಿಪಿಸಿ, ಸ್ಲ್ಯಾಗ್ ಸಿಮೆಂಟಿಗೆ ತಮ್ಮ ತಮ್ಮ ಸಾಲುಗಳಿವೆ. ತಲೆನೋವು ಇರುವುದು ಆಮದಾಗಿ ಬರುವ ಸ್ಪೇರ್‌ಗಳಲ್ಲಿ.

ಅರೆಯುವ ಗಿರಣಿ 8474. ಅದರ ಭಾಗ 8474 90. ಹಾಗಾದರೆ ಗಿರಣಿಗೆಂದು ಬಂದ ಎಲ್ಲವೂ 8474 90ಯೇ? ಆತುರದ ಎಐ ಹಾಗೇ ಹೇಳೀತು, ಆತುರದ ಗುಮಾಸ್ತನೂ. ನೀವು 16ನೇ ವಿಭಾಗದ ಟಿಪ್ಪಣಿಗಳನ್ನು ತೆರೆಯಿರಿ. ಬೇರಿಂಗ್ ಯಾವ ಯಂತ್ರಕ್ಕೆ ಹೋದರೂ 8482. ರಬ್ಬರಿನ ಕನ್ವೇಯರ್ ಬೆಲ್ಟ್ 4010. ಗ್ರೈಂಡಿಂಗ್ ಬಾಲ್ ಎರಕದ್ದಾದರೆ 7325, ಬಡಿದು ಮಾಡಿದ್ದಾದರೆ 7326. ಕಿಲ್ನ್ ಒಳಗೆ ಹಾಕುವ ಬೆಂಕಿ ಇಟ್ಟಿಗೆ 6902. ಇವೆಲ್ಲ ಕಳೆದ ಮೇಲೆ ಉಳಿಯುವುದಕ್ಕಷ್ಟೇ ‘ಭಾಗ’ ಎನ್ನುವ ಹಕ್ಕು.

ಈ ವಾರವೇ ಶುರುಮಾಡಿ. ಸ್ಟೋರ್ಸಿನ ಪಟ್ಟಿ ತೆಗೆದು, ಎಐ ಕೈಲಿ ಮೊದಲ ಕೋಡ್ ಹಾಕಿಸಿ, ಪಕ್ಕದ ಕಾಲಂನಲ್ಲಿ ನಿಮ್ಮ ಕೋಡ್ ಬರೆಯಿರಿ. ಎರಡೂ ಬೇರೆ ಇರುವ ಸಾಲುಗಳನ್ನು ಮ್ಯಾನೇಜರ್ ಮುಂದಿಡಿ. ಬಡ್ತಿ ಕೇಳಲು ಬೇರೆ ಪೀಠಿಕೆ ಬೇಕಾಗುವುದಿಲ್ಲ.

6. ಎಐಯನ್ನು ಪಾಟೀಸವಾಲಿಗೆ ನಿಲ್ಲಿಸಿ

‘ಕೋಡ್ ಹೇಳು’ ಎನ್ನಬೇಡಿ. ‘ಹೊಂದಬಹುದಾದ ಮೂರು ಹೆಡಿಂಗ್ ಕೊಡು. ಪ್ರತಿಯೊಂದರ ಪರವಾಗಿ ಒಂದು ಕಾರಣ, ವಿರುದ್ಧವಾಗಿ ಒಂದು ಕಾರಣ ಕೊಡು. ಯಾವ ಟಿಪ್ಪಣಿಯ ಆಧಾರ ಎಂದು ಹೇಳು. ತೀರ್ಮಾನಕ್ಕೆ ನನ್ನಿಂದ ಇನ್ನೂ ಯಾವ ಮಾಹಿತಿ ಬೇಕು ಎಂದು ಕೇಳು’ ಎನ್ನಿ. ಕೊನೆಯ ವಾಕ್ಯ ಮುಖ್ಯ. ಎಐ ಕೇಳುವ ಪ್ರಶ್ನೆಗಳೇ ನೀವು ಗಣಿಗೋ ಮಿಲ್ಲಿಗೋ ಹೋಗಿ ಹುಡುಕಬೇಕಾದ ಉತ್ತರಗಳ ಪಟ್ಟಿ.

ಆಮೇಲೆ ಅದು ಹೇಳಿದ ಪ್ರತಿ ಟಿಪ್ಪಣಿಯನ್ನೂ ಕೇಂದ್ರ ಪರೋಕ್ಷ ತೆರಿಗೆ ಮತ್ತು ಕಸ್ಟಮ್ಸ್ ಮಂಡಳಿ (ಸಿಬಿಐಸಿ) ಪ್ರಕಟಿಸಿದ ಟ್ಯಾರಿಫ್‌ನಲ್ಲಿ ತೆರೆದು ಓದಿ. ಎಐ ಇಲ್ಲದ ಟಿಪ್ಪಣಿಯನ್ನೂ ಇದೆ ಎಂದು ಧೈರ್ಯವಾಗಿ ಹೇಳುತ್ತದೆ. ಅದರ ದನಿಯಲ್ಲಿರುವ ಧೈರ್ಯಕ್ಕೆ ಅಂಕ ಕೊಡಬೇಡಿ.

7. ದೊಡ್ಡ ತಗಾದೆಗಳನ್ನು ಓದಿ

ಸಣ್ಣ ಬಾಟಲಿಯ ತೆಂಗಿನ ಎಣ್ಣೆ ಅಡುಗೆಯದೋ ತಲೆಗೆ ಹಚ್ಚುವುದೋ? 1513ಓ 3305ಓ? ಈ ಪ್ರಶ್ನೆಗೆ 2018ರಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ಕೊನೆಗೆ 2024ರ ಡಿಸೆಂಬರ್‌ನಲ್ಲಿ ಮೂವರ ಪೀಠ ತೀರ್ಮಾನಿಸಿತು: ಬಾಟಲಿ ಸಣ್ಣದೆಂಬ ಮಾತ್ರಕ್ಕೆ ಖಾದ್ಯ ತೈಲ ಹೇರ್ ಆಯಿಲ್ ಆಗದು. 2020ರಲ್ಲಿ ಬೆಂಗಳೂರಿನಲ್ಲಿ ಪರೋಟ ಪ್ರಕರಣ. ಜಿಎಸ್‌ಟಿಗೂ ಇದೇ ಎಚ್‌ಎಸ್‌ಎನ್ ಬಳಸುವುದರಿಂದ ಪ್ಯಾಕೆಟ್ ಪರೋಟ ರೊಟ್ಟಿಯ ಸಾಲಿಗೆ ಸೇರುತ್ತದೆಯೇ ಎಂಬ ಪ್ರಶ್ನೆ ಎದ್ದಿತು. ತಿನ್ನುವ ಮೊದಲು ಮತ್ತೆ ಕಾಯಿಸಬೇಕು, ಆದ್ದರಿಂದ ರೊಟ್ಟಿಯಲ್ಲ ಎಂದಿತು ಕರ್ನಾಟಕದ ಅಡ್ವಾನ್ಸ್ ರೂಲಿಂಗ್ ಪ್ರಾಧಿಕಾರ. ದೇಶವೆಲ್ಲ ನಕ್ಕಿತು. ನೀವು ನಗಬೇಡಿ, ತರ್ಕ ಗಮನಿಸಿ: ಮತ್ತೆ ಮಾಲಿನ ಸ್ಥಿತಿಯೇ ಪ್ರಶ್ನೆ.

ನ್ಯಾಯಮೂರ್ತಿಗಳೇ ಒಮ್ಮತಕ್ಕೆ ಬರಲಾಗದ ಜಾಗದಲ್ಲಿ ಎಐಯ ‘ಶೇ. 97 ಖಚಿತ’ ಎಂಬ ಮಾತಿಗೆ ಬೆಲೆಯಿಲ್ಲ. ನಿಜಕ್ಕೂ ಗೊಂದಲವಿದ್ದರೆ ಮಾಲು ಕಳಿಸುವ ಮೊದಲೇ ಕಸ್ಟಮ್ಸ್ ಅಡ್ವಾನ್ಸ್ ರೂಲಿಂಗ್ ಕೇಳಿ. ಇದಕ್ಕಾಗಿ ಮುಂಬೈ ಮತ್ತು ದೆಹಲಿಯಲ್ಲಿ ಪ್ರಾಧಿಕಾರಗಳಿವೆ.

8. ಎಚ್‌ಎಸ್ ಕೋಡ್ ಸಿಕ್ಕಿತೆಂದು ಎದ್ದುಬಿಡಬೇಡಿ: ಸ್ಕೋಮೆಟ್ ನೋಡಿ

ಯುದ್ಧಕ್ಕೂ ಶಾಂತಿಗೂ ಒದಗುವ ರಾಸಾಯನಿಕ, ಜೀವಾಣು, ಸಾಮಗ್ರಿ, ಉಪಕರಣ, ತಂತ್ರಜ್ಞಾನಗಳ ಪಟ್ಟಿಯೇ ಸ್ಕೋಮೆಟ್. ಪಟ್ಟಿ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ್ದು (ಡಿಜಿಎಫ್‌ಟಿ). ಭಾರತ 2016ರಲ್ಲಿ ಎಂಟಿಸಿಆರ್, 2017ರಲ್ಲಿ ವಾಸೆನಾರ್, 2018ರಲ್ಲಿ ಆಸ್ಟ್ರೇಲಿಯಾ ಗ್ರೂಪ್ ಎಂಬ ರಫ್ತು ನಿಯಂತ್ರಣ ಕೂಟಗಳನ್ನು ಸೇರಿತು. ಹಾಗಾಗಿ ಈ ಪಟ್ಟಿ ಅಂತರರಾಷ್ಟ್ರೀಯ ನಿಯಂತ್ರಣಗಳ ಜೊತೆ ಹೆಜ್ಜೆ ಹಾಕುತ್ತದೆ.

‘ನಮ್ಮೂರಲ್ಲಿ ಕಲ್ಲು, ಬ್ಯಾಳಿ, ಸಿಮೆಂಟ್. ನಮಗೇಕೆ ಇದು?’ ಎನ್ನುವವರಿಗೆ ಉತ್ತರ ಸಿಮೆಂಟಿನಲ್ಲೇ ಇದೆ. ಕ್ಲಿಂಕರ್ ನುಣ್ಣಗೆ ಅರೆಯಲು ಜಗತ್ತಿನಾದ್ಯಂತ ಬಳಸುವ ಗ್ರೈಂಡಿಂಗ್ ಏಡ್‌ಗಳಲ್ಲಿ ಟ್ರೈಎಥನಾಲಮೈನ್ ಒಂದು. ಎಚ್‌ಎಸ್ ಕೋಡ್ 2922 15. ಇದೇ ದ್ರವ ರಾಸಾಯನಿಕ ಅಸ್ತ್ರ ನಿಷೇಧ ಒಪ್ಪಂದದ ಮೂರನೇ ಅನುಸೂಚಿಯಲ್ಲೂ ಇದೆ. ಸಿಮೆಂಟ್ ಎಂಜಿನಿಯರಿಗೆ ಅದು ಅರೆಯಲು ಸಹಾಯ, ರಫ್ತು ನಿಯಂತ್ರಣದವರಿಗೆ ನಿಗಾ ಇಡಬೇಕಾದ ಮಾಲು. ಇಬ್ಬರ ಮಾತೂ ಸರಿ. ಗಣಿ ಸರ್ವೆಯ ಡ್ರೋನ್, ಕಿಲ್ನ್ ಬಿಸಿ ನೋಡುವ ಥರ್ಮಲ್ ಕ್ಯಾಮೆರಾ ರಿಪೇರಿಗೆಂದು ವಿದೇಶಕ್ಕೆ ಹೋಗುವಾಗಲೂ ಸ್ಪೆಸಿಫಿಕೇಶನ್ ಹಿಡಿದು ಪಟ್ಟಿ ನೋಡಿ.

ಎಚ್‌ಎಸ್‌ನಿಂದ ಸ್ಕೋಮೆಟ್‌ಗೆ ನೇರ ಮೆಟ್ಟಿಲು ಹುಡುಕಬೇಡಿ. ಎಚ್‌ಎಸ್ ಮಾಲು ಏನೆಂದು ಕೇಳುತ್ತದೆ. ಸ್ಕೋಮೆಟ್ ಅದರ ಶಕ್ತಿ ಎಷ್ಟೆಂದು ಕೇಳುತ್ತದೆ: ಶುದ್ಧತೆ, ನಿಖರತೆ, ವ್ಯಾಪ್ತಿ, ರೆಸಲ್ಯೂಶನ್. ಒಂದೇ ಎಚ್‌ಎಸ್ ಕೋಡಿನ ಎರಡು ಕ್ಯಾಮೆರಾಗಳಲ್ಲಿ ಒಂದಕ್ಕೆ ಲೈಸೆನ್ಸ್ ಬೇಕಾಗಬಹುದು, ಇನ್ನೊಂದಕ್ಕೆ ಬೇಡದಿರಬಹುದು. ಯಾರಿಗೆ, ಯಾವುದಕ್ಕೆ ಹೋಗುತ್ತಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಪಟ್ಟಿಯಲ್ಲಿಲ್ಲದ ಮಾಲೂ ಸಾಮೂಹಿಕ ವಿನಾಶದ ಅಸ್ತ್ರಕ್ಕೆ ಬಳಕೆಯಾಗುತ್ತದೆಂದು ನಿಮಗೆ ಗೊತ್ತಿದ್ದರೆ ನಿಯಂತ್ರಣಕ್ಕೆ ಒಳಪಡುತ್ತದೆ.

ಎಐಯನ್ನು ಇಲ್ಲಿ ಬೇರೆ ರೀತಿ ದುಡಿಸಿ. ಡೇಟಾಶೀಟ್ ಕೊಟ್ಟು ‘ಯಾವ ಪ್ಯಾರಾಮೀಟರ್ ಅನುಮಾನ ಹುಟ್ಟಿಸುತ್ತದೆ?’ ಎಂದಷ್ಟೇ ಕೇಳಿ. ‘ಏನೂ ತೊಂದರೆಯಿಲ್ಲ’ ಎಂಬ ಉತ್ತರ ಅದರಿಂದ ಸ್ವೀಕರಿಸಲೇಬೇಡಿ. ಆ ಮಾತು ಹೇಳಬೇಕಾದ್ದು ಎಂಜಿನಿಯರ್ ಸಹಿಯೊಂದಿಗೆ. ಸುಂಕದ ಕೋಡ್ ತಪ್ಪಿದರೆ ಬಡ್ಡಿ, ದಂಡ ಕಟ್ಟಿ ಸರಿಪಡಿಸಬಹುದು. ಲೈಸೆನ್ಸ್ ಇಲ್ಲದೆ ಹೊರಟ ಸ್ಕೋಮೆಟ್ ಮಾಲನ್ನು ಹಡಗಿನಿಂದ ವಾಪಸ್ ಕರೆಯಲಾಗದು. ಸಾಮೂಹಿಕ ವಿನಾಶದ ಅಸ್ತ್ರಗಳ ಕುರಿತ 2005ರ ಕಾಯ್ದೆಯಲ್ಲಿ ಜೈಲು ಶಿಕ್ಷೆಯೂ ಇದೆ.

9. ಕಂಪನಿಯ ಡ್ರಾಯಿಂಗ್ ಸಿಕ್ಕ ಸಿಕ್ಕ ಎಐಗೆ ಹಾಕಬೇಡಿ

ಸ್ಕೋಮೆಟ್ ಪಟ್ಟಿಯಲ್ಲಿ ಸಾಫ್ಟ್‌ವೇರ್, ತಂತ್ರಜ್ಞಾನಗಳೂ ಇವೆ. ಇಮೇಲಿನಲ್ಲಿ ಹೋದ ಡ್ರಾಯಿಂಗ್ ಕೂಡ ರಫ್ತೇ. ಸರ್ವರ್ ಎಲ್ಲಿದೆಯೋ ಗೊತ್ತಿಲ್ಲದ ಉಚಿತ ಆ್ಯಪ್‌ಗೆ ನಿಯಂತ್ರಿತ ವಿನ್ಯಾಸ ಅಪ್‌ಲೋಡ್ ಮಾಡಿದರೆ ಪರೀಕ್ಷೆಗೆ ಮೊದಲೇ ಫೇಲು. ಕಂಪನಿ ಒಪ್ಪಿದ ಟೂಲ್ ಬಳಸಿ. ಗ್ರಾಹಕರ ಹೆಸರು, ಬೆಲೆ ಅಳಿಸಿ.

10. ‘ನನ್ನ ಇಂಗ್ಲಿಷ್ ಸಾಲದು’ ಎಂಬ ಮಾತು ಇಂದಿಗೆ ನಿಲ್ಲಿಸಿ

ಎಐಗೆ ಕನ್ನಡದಲ್ಲೇ ಕೇಳಿ. ಟಿಪ್ಪಣಿಯನ್ನು ಅಂಟಿಸಿ ‘ಸರಳವಾಗಿ ಬಿಡಿಸಿ ಹೇಳು’ ಎನ್ನಿ. ಆಮೇಲೆ ಮೂಲ ಇಂಗ್ಲಿಷ್ ಓದಿ. ಟ್ಯಾರಿಫಿನ ಇಂಗ್ಲಿಷ್ ಕಾದಂಬರಿಯ ಇಂಗ್ಲಿಷ್ ಅಲ್ಲ. ಅದದೇ ಪದಗಳು ಸುತ್ತಿ ಸುತ್ತಿ ಬರುತ್ತವೆ. ಹಿಂಜರಿಕೆ ಒಂದು ಅಭ್ಯಾಸ, ದಿನಕ್ಕೊಂದು ಹೆಡಿಂಗ್ ಓದಿದರೆ ತಾನೇ ಬಿಡುತ್ತದೆ.

11. ನಿಮ್ಮ ಮಾಲು ನೋಡದ ಅಧಿಕಾರಿಗಾಗಿ ಬರೆಯಿರಿ

2020ರ ಜೂನ್ 8ರಂದು ಬೆಂಗಳೂರು ಮತ್ತು ಚೆನ್ನೈನಲ್ಲಿ ಆಮದು ಮಾಲಿನ ಫೇಸ್‌ಲೆಸ್ ಅಸೆಸ್‌ಮೆಂಟ್ ಶುರುವಾಯಿತು. ಅದೇ ಅಕ್ಟೋಬರ್ ಕೊನೆಗೆ ದೇಶವೆಲ್ಲ ಹರಡಿತು. ಒಂದು ಬಂದರಿಗೆ ಬಂದ ಸ್ಪೇರ್‌ನ ಕಾಗದ ಇನ್ನೊಂದು ಊರಿನ ಅಧಿಕಾರಿ ನೋಡುತ್ತಾರೆ. ಅವರಿಗೆ ಕಾಣುವುದು ನಿಮ್ಮ ವಿವರಣೆ ಮಾತ್ರ. ‘ಮೆಷಿನರಿ ಪಾರ್ಟ್’ ಎಂದು ಬರೆದರೆ ಪ್ರಶ್ನೆ ಬರುತ್ತದೆ, ಮಾಲು ನಿಲ್ಲುತ್ತದೆ, ಡೆಮರೇಜ್ ಏರುತ್ತದೆ. ‘ಸಿಮೆಂಟ್ ಗಿರಣಿಗೆ ಎರಕದ ಕ್ರೋಮ್ ಸ್ಟೀಲ್ ಗ್ರೈಂಡಿಂಗ್ ಬಾಲ್, ಇಷ್ಟು ವ್ಯಾಸ’ ಎಂದು ಬರೆಯಿರಿ.

ಎದುರು ಬದಿಯಲ್ಲೂ ಎಐ ಇದೆ ಎಂಬುದು ನೆನಪಿರಲಿ. ಸಿಬಿಐಸಿ ಡೇಟಾ ವಿಶ್ಲೇಷಣೆಗೆ 2017ರಲ್ಲೇ ಪ್ರತ್ಯೇಕ ನಿರ್ದೇಶನಾಲಯ ಮಾಡಿಕೊಂಡಿದೆ. ವಿಶ್ವ ಕಸ್ಟಮ್ಸ್ ಸಂಘಟನೆ 2019ರಲ್ಲಿ ಬಕುಡಾ ಎಂಬ ಡೇಟಾ ಯೋಜನೆ ಆರಂಭಿಸಿತು. ಒಂದೇ ಮಾಲಿಗೆ ಹೋದ ವರ್ಷ ಒಂದು ಕೋಡ್, ಈ ವರ್ಷ ಇನ್ನೊಂದು ಹಾಕಿದರೆ ಯಂತ್ರದ ಕಣ್ಣಿಗೆ ಬೀಳುವುದು ಸುಲಭ. ಪ್ರತಿ ಕೋಡಿಗೆ ಒಂದು ಪುಟ ಇಡಿ: ಮಾಲಿನ ಫೋಟೋ, ಅಳತೆ, ಎಐಗೆ ಕೇಳಿದ ಪ್ರಶ್ನೆ, ಬಂದ ಉತ್ತರ, ನೀವು ಒಪ್ಪಿದ್ದೇಕೆ ಅಥವಾ ತಿರಸ್ಕರಿಸಿದ್ದೇಕೆ, ತಾರೀಖು, ಸಹಿ. ಕಸ್ಟಮ್ಸ್ ಕಾಯ್ದೆಯಲ್ಲಿ 2011ರಿಂದ ಸ್ವಯಂ ಅಸೆಸ್‌ಮೆಂಟ್ ಇದೆ. ಕೋಡ್ ಘೋಷಿಸುವುದು ನೀವು, ಹೊಣೆಯೂ ನಿಮ್ಮದು. ‘ಎಐ ಹೇಳಿತು’ ಎಂದು ಬರೆಯಲು ಶಿಪ್ಪಿಂಗ್ ಬಿಲ್ಲಿನಲ್ಲಿ ಕಾಲಂ ಇಲ್ಲ.

12. ಕಲಿತದ್ದಕ್ಕೆ ಕಾರ್ಡ್ ಪಡೆಯಿರಿ

ಕಸ್ಟಮ್ಸ್ ಬ್ರೋಕರ್ ಕಚೇರಿಯಲ್ಲಿ ಕೆಲಸಕ್ಕೆ ಸೇರಿ. 2018ರ ನಿಯಮಾವಳಿಯಂತೆ ಪರೀಕ್ಷೆ ಬರೆದು ಜಿ ಕಾರ್ಡ್ ಪಡೆಯಿರಿ. ಆಮೇಲೆ ಅರ್ಹತೆ ಕೂಡಿಸಿಕೊಂಡು ಕಸ್ಟಮ್ಸ್ ತರಬೇತಿ ಅಕಾಡೆಮಿ ನ್ಯಾಸಿನ್ ನಡೆಸುವ ಲೈಸೆನ್ಸ್ ಪರೀಕ್ಷೆಗೆ ಕೂರಿ. ಎಐ ಟೂಲ್ ಯಾರು ಬೇಕಾದರೂ ಬಾಡಿಗೆಗೆ ತರಬಹುದು. ಘೋಷಣೆಯ ಹಿಂದೆ ನಿಲ್ಲಬಲ್ಲ ಅರ್ಹ ವ್ಯಕ್ತಿ ಬಾಡಿಗೆಗೆ ಸಿಗುವುದು ಕಷ್ಟ, ಸಂಬಳ ಹುಟ್ಟುವುದೂ ಅಲ್ಲೇ.

13. 2028ಕ್ಕೆ ಈಗಲೇ ತಯಾರಾಗಿ

ಎಚ್‌ಎಸ್ ಪಟ್ಟಿ ಕೆಲವು ವರ್ಷಗಳಿಗೊಮ್ಮೆ ಬದಲಾಗುತ್ತದೆ. ತೊಗರಿಗೆ ತನ್ನದೇ 0713 60 ಸಿಕ್ಕಿದ್ದು 2012ರ ಆವೃತ್ತಿಯಲ್ಲಿ. ಅದಕ್ಕೂ ಮೊದಲು ಅದು ‘ಇತರೆ’ಯ 0713 90ರಲ್ಲಿತ್ತು. ಹಳೆಯ ಕಾಗದಗಳನ್ನು ಓದಿ ಬೆಳೆದ ಎಐ ಇಂದಿಗೂ ಆ ಹಳೆಯ ಕೋಡ್ ಕೊಟ್ಟೀತು. ಮುಂದಿನ ಆವೃತ್ತಿ 2028ರ ಜನವರಿ 1ರಿಂದ. ಆಗ ಕೆಲವು ಕಾಲವಾದರೂ ಎಐ ಹಳೆಯ ಪಟ್ಟಿಯನ್ನೇ ಹೊಸದೆಂದು ಹೇಳುವ ಅಪಾಯವಿದೆ. ನಿಮ್ಮ ಕಂಪನಿಯ ಮಾಲುಗಳ ಪಟ್ಟಿ ಎಕ್ಸೆಲ್‌ನಲ್ಲಿ ಈಗಲೇ ಮಾಡಿ. ‘2022ರ ಕೋಡ್’, ‘2028ರ ಕೋಡ್’ ಎಂದು ಎರಡು ಕಾಲಂ ಹಾಕಿ. ಎರಡನೆಯದನ್ನು ಸದ್ಯಕ್ಕೆ ಖಾಲಿ ಬಿಡಿ, ಅಧಿಕೃತ ಟ್ಯಾರಿಫ್ ಬಂದ ದಿನ ನೀವೇ ತುಂಬಿ.